ಒಣಗುತ್ತಿರುವ ಗ್ರಹದಲ್ಲೊಂದು ತೋಟ: ಆಟ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಬರಡಾದ ಗ್ರಹಕ್ಕೆ ಮತ್ತೆ ಹಸಿರು ತರುವ ತಂತ್ರದಾಟಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಬರೆದವರಲ್ಲಿ ಆಡುವವರಿಗಿಂತ ಸ್ವತಃ ಆಟ ಕಟ್ಟುತ್ತಿರುವವರೇ ಹೆಚ್ಚು. ಹೆಚ್ಚಿನವರು ಬಳಸುತ್ತಿರುವುದು ಆಟ ಕಟ್ಟುವ ತಂತ್ರಾಂಶವಾದ ಗೊಡೋ ಎಂಜಿನ್. ಆಟಗಳೆಲ್ಲ ಚೌಕದ ನಕ್ಷೆಯ ಮೇಲಿನ ಸರದಿಯಾಟಗಳು. ನಕ್ಷೆಯ ಒಂದೊಂದು ಚೌಕವನ್ನು ಇಲ್ಲಿ ಮನೆ ಎಂದಿದ್ದೇವೆ.

ಪ್ರಶ್ನೆ: ನನ್ನ ಆಟದಲ್ಲಿ ಕೆಂಪು ಆಕಾಶ, ದೂಳಿನ ಗಾಳಿ, ಬಿರುಕುಬಿಟ್ಟ ನೆಲ ಎಲ್ಲವೂ ಇವೆ. ಆದರೂ ಆಡಿದ ಗೆಳೆಯರೆಲ್ಲ ಹದಿನೈದು ಸರದಿಯೊಳಗೆ ನಕ್ಷೆ ತುಂಬ ಗರಿಕೆ ಹಬ್ಬಿಸಿ ಗೆದ್ದುಬಿಡುತ್ತಾರೆ. ನಕ್ಷೆ 24×16, ಆರಂಭಕ್ಕೆ 4 ಬೀಜ. ಗರಿಕೆ ನೆಡಲು 2 ಬೀಜ ಬೇಕು. ಮರುಸರದಿಯಿಂದ ಅದು ಸರದಿಗೊಂದು ಬೀಜ ಕೊಡುತ್ತದೆ. ಬೆಲೆಯನ್ನು 3ಕ್ಕೆ ಏರಿಸಿ ನೋಡಿದೆ, ಪ್ರಯೋಜನವಾಗಲಿಲ್ಲ.
– ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನಿಮ್ಮ ಗ್ರಹ ಸಾಯುತ್ತಿರುವುದು ಚಿತ್ರದಲ್ಲಿ ಮಾತ್ರ. ನಿಯಮಗಳಲ್ಲಿ ಅದು ಗಟ್ಟಿಮುಟ್ಟಾಗಿಯೇ ಇದೆ. ನೀವು ಕೊಟ್ಟ ಅಂಕಿಗಳನ್ನೇ ಹಾಳೆಯ ಮೇಲೆ ಬರೆಯುತ್ತ ಹೋಗಿ. 4 ಬೀಜದಲ್ಲಿ ಎರಡು ಗರಿಕೆ. ಬಂದ ಬೀಜವನ್ನೆಲ್ಲ ಮತ್ತೆ ನೆಟ್ಟರೆ ಮುಂದಿನ ಸರದಿಗಳಲ್ಲಿ 3, 4, 6, 9, 14, 21, 31, 47 ಗರಿಕೆ. ಮೊದಲ ನಾಟಿಯ ನಂತರದ ಹತ್ತನೇ ಸರದಿಗೆ 105. ಹದಿಮೂರನೆಯದಕ್ಕೆ 355. ನಿಮ್ಮ ನಕ್ಷೆಯಲ್ಲಿರುವುದೇ 384 ಮನೆ, ಹಾಗಾಗಿ ಹದಿನಾಲ್ಕಕ್ಕೆ ಆಟ ಮುಗಿಯಿತು. ಬೆಲೆ 2 ಇದ್ದಾಗ ಗಿಡಗಳು ಸರದಿಗೆ ಒಂದೂವರೆ ಪಟ್ಟಾಗುತ್ತವೆ, 3 ಇದ್ದಾಗ ಒಂದೂಕಾಲಕ್ಕಿಂತ ತುಸು ಹೆಚ್ಚು. ಎರಡೂ ಚಕ್ರಬಡ್ಡಿಯೇ. ಬೆಲೆ ಏರಿಸಿದರೆ ಗೆಲುವು ಏಳೆಂಟು ಸರದಿ ಮುಂದೆ ಹೋಗುತ್ತದೆ, ಅಷ್ಟೇ. ಗ್ರಹದ ಹಾನಿ ಸರದಿಗೆ ಒಂದಿಷ್ಟು ಎಂಬ ಕೂಡುವ-ಕಳೆಯುವ ಲೆಕ್ಕದಲ್ಲಿದ್ದರೆ ಚಕ್ರಬಡ್ಡಿ ಅದನ್ನು ಯಾವತ್ತೂ ಸೋಲಿಸುತ್ತದೆ.

ಬೀಜದ ಬೆಲೆ ಹಾಗೇ ಇರಲಿ, ನೀರಿಗೆ ಮಿತಿ ಹಾಕಿ. ಇಡೀ ನಕ್ಷೆಗೆ ಒಂದೇ ಕೆರೆ. ಮೊದಲ ಸರದಿಯಲ್ಲಿ ಅದಕ್ಕೆ 120 ಪಾಲು ನೀರು ಬರುತ್ತದೆ, ಆಮೇಲೆ ಸರದಿಗೆ 1ರಂತೆ ಇಳಿಯುತ್ತದೆ. ಒಂದು ಗರಿಕೆ ಸರದಿಗೆ 2 ಪಾಲು ಕುಡಿಯಲಿ. ಆರಂಭದಲ್ಲಿ 60 ಗರಿಕೆಗೆ ನೀರು ಸಾಕು. 61ನೇ ಸರದಿಗೆ ಬರುವುದು 60 ಪಾಲು, ಬದುಕುವುದು 30 ಗರಿಕೆ. ಗೆಲುವಿನ ಗುರಿಯನ್ನು "61ನೇ ಸರದಿಯಲ್ಲಿ 50 ಜೀವಂತ ಮನೆ" ಎಂದಿಡಿ. ಬರೀ ಗರಿಕೆಯಿಂದ ಇದು ಸಾಧ್ಯವೇ ಇಲ್ಲ.

ಇಲ್ಲಿಗೆ ಮರವನ್ನು ತನ್ನಿ. ಮರ ಮೊದಲ ಆರು ಸರದಿ 5 ಪಾಲಿನಂತೆ ಕುಡಿಯುತ್ತದೆ, ಬೇರು ಆಳಕ್ಕೆ ಇಳಿದ ಮೇಲೆ 1 ಪಾಲು. ಅದರ ನೆರಳಿಗೆ ಬಿದ್ದ ಸುತ್ತಲ ಎಂಟು ಮನೆಗಳ ಗರಿಕೆಗೆ 2ರ ಬದಲು 1 ಪಾಲು ಸಾಕು. ಒಂದು ಮರ, ಎಂಟು ಗರಿಕೆ: ಒಂಬತ್ತು ಮನೆಗೆ 9 ಪಾಲು. ಈ ಲೆಕ್ಕದಲ್ಲಿ ಕೊನೆಯ 60 ಪಾಲಿನಲ್ಲಿ ಸುಮಾರು 60 ಮನೆ ಉಳಿಯುತ್ತವೆ, ಗುರಿ ದಾಟಬಹುದು. ಆದರೆ ಆರು ಮರ ಒಟ್ಟಿಗೆ ಎಳೆಯವಾಗಿದ್ದಾಗ ಸರದಿಗೆ 30 ಪಾಲು ಅವಕ್ಕೇ ಹೋಗುತ್ತದೆ. ಆಗ ಆಟಗಾರ ಹದಿನೈದು ಗರಿಕೆಯನ್ನು ಒಣಗಲು ಬಿಡಬೇಕಾಗುತ್ತದೆ. ಅಲ್ಲಿಂದ ನಿಮ್ಮ ಆಟ ತಂತ್ರದಾಟವಾಗುತ್ತದೆ.

ಒಂದು ಎಚ್ಚರಿಕೆ. ನೀರು ಸಾಲದಾದಾಗ ಯಾವ ಮನೆ ಒಣಗಬೇಕು ಎಂಬುದನ್ನು ಕಂಪ್ಯೂಟರಿಗೆ ಬಿಡಬೇಡಿ. ಎಲ್ಲೋ ಮೂಲೆಯಲ್ಲಿ ಗಿಡ ಸತ್ತರೆ ಆಟಗಾರನಿಗೆ ಅನ್ಯಾಯ ಅನ್ನಿಸುತ್ತದೆ. ತಾನೇ ನೀರು ನಿಲ್ಲಿಸಿದ ಮನೆ ಕಂದಾದರೆ ಆ ಮನೆಯನ್ನು ಅವನು ನೆನಪಿಡುತ್ತಾನೆ. ಎರಡು ಸರದಿ ನೀರಿಲ್ಲದಿದ್ದರೆ ಕಂದು, ಮೂರನೆಯದಕ್ಕೆ ಸಾವು, ಸತ್ತದ್ದಕ್ಕೆ ಬೀಜ ವಾಪಸಿಲ್ಲ. ಇಷ್ಟು ಸಾಕು.

ಪ್ರಶ್ನೆ: 'ಟೆರ್ರಾ ನಿಲ್' ಆಡುತ್ತಿದ್ದೇನೆ. ಮೊದಲ ನದಿ ಕಣಿವೆಯಲ್ಲೇ ಎಲೆಗಳು ಖಾಲಿಯಾಗಿ ನಿಂತುಬಿಡುತ್ತೇನೆ. ಕಾಡು ಬೆಳೆಸಲು ಬೆಂಕಿ ಹಚ್ಚಬೇಕೆಂಬುದೂ ಅರ್ಥವಾಗಲಿಲ್ಲ.
– ಓದುಗರು, ಮೈಸೂರು

ಉತ್ತರ: ಗೊತ್ತಿಲ್ಲದವರಿಗೆ: ಇದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನ ಫ್ರೀ ಲೈವ್ಸ್ ತಂಡದ ಆಟ, 2023ರ ಮಾರ್ಚ್ 28ರಂದು ಬಿಡುಗಡೆಯಾಯಿತು. ಊರು ಕಟ್ಟುವ ಆಟಗಳ ದಾರಿಯನ್ನು ಹಿಂದುಮುಂದು ಮಾಡಿದ್ದಾರೆ. ಬರಡು ನೆಲಕ್ಕೆ ಯಂತ್ರಗಳನ್ನು ತಂದು ಹಸಿರು ಬೆಳೆಸಿ, ಕೊನೆಗೆ ಆ ಯಂತ್ರಗಳನ್ನೆಲ್ಲ ಬಿಚ್ಚಿ ಹೊತ್ತುಕೊಂಡು ಹೋಗಬೇಕು. ಎಲೆ ಇಲ್ಲಿ ಹಣ. ಯಂತ್ರ ಇಟ್ಟರೆ ಖರ್ಚಾಗುತ್ತದೆ, ನೆಲ ಹಸಿರಾದರೆ ಬರುತ್ತದೆ.

ಎಲೆ ಖಾಲಿಯಾಗಲು ಕಾರಣ ಸಾಮಾನ್ಯವಾಗಿ ಒಂದೇ. ಗಾಳಿಯಂತ್ರ, ವಿಷ ತೆಗೆಯುವ ಯಂತ್ರ ಎರಡನ್ನೂ ಸಾಲಾಗಿ ಇಟ್ಟು, ನೀರುಣಿಸುವ ಯಂತ್ರವನ್ನು ಆಮೇಲೆ ನೋಡಿಕೊಂಡರಾಯಿತು ಎನ್ನುವುದು. ಮೊದಲೆರಡು ಬರೀ ಖರ್ಚು. ಎಲೆ ಹಿಂದಿರುಗಿಸುವುದು ನೀರುಣಿಸಿದಾಗ ಮೂಡುವ ಹುಲ್ಲು. ಹಾಗಾಗಿ ಒಂದು ಗಾಳಿಯಂತ್ರ, ಅದರ ವಿದ್ಯುತ್ ತಲುಪುವ ಅಂಚಿನಲ್ಲಿ ವಿಷ ತೆಗೆಯುವ ಯಂತ್ರ, ಶುದ್ಧವಾದ ನೆಲದ ಮೇಲೆ ಕೂಡಲೇ ನೀರುಣಿಸುವ ಯಂತ್ರ. ಈ ಸುತ್ತು ಮುಗಿದು ಎಲೆ ಬಂದ ಮೇಲೆ ಮುಂದಿನ ಗಾಳಿಯಂತ್ರ. ಇಡುವ ಮುನ್ನ ವ್ಯಾಪ್ತಿಯ ಗುರುತು ಕಾಣುತ್ತದಲ್ಲ, ಅದು ಈಗಾಗಲೇ ಹಸಿರಾದ ನೆಲದ ಮೇಲೆ ಬಿದ್ದಷ್ಟೂ ನಷ್ಟ. ಗಾಳಿಯಂತ್ರ ಬಂಡೆಯ ಮೇಲೆ ಮಾತ್ರ ನಿಲ್ಲುವುದರಿಂದ, ಆಟ ಶುರುವಾದ ಕೂಡಲೇ ಬಂಡೆಗಳು ಎಲ್ಲೆಲ್ಲಿವೆ ಎಂದು ನಕ್ಷೆ ಪೂರ್ತಿ ನೋಡಿಕೊಳ್ಳಿ.

ಬೆಂಕಿಯ ವಿಷಯ. ಕಾಡಿಗೆ ಬೂದಿ ಬೆರೆತ ಫಲವತ್ತಾದ ಮಣ್ಣು ಬೇಕು ಎಂಬುದು ಆಟದ ನಿಯಮ. ಇದು ಸುಮ್ಮನೆ ಕಟ್ಟಿದ್ದಲ್ಲ. ಕೇಪ್ ಪ್ರಾಂತದ ಕುರುಚಲು ಸಸ್ಯವರ್ಗಕ್ಕೆ ಫೈನ್‌ಬೋಸ್ ಎಂದು ಹೆಸರು; ಅದು ಆಟದಲ್ಲೂ ಇದೆ. ಅದರ ಎಷ್ಟೋ ಜಾತಿಗಳ ಬೀಜ ಬೆಂಕಿಯ ಹೊಗೆ, ಶಾಖ ತಗುಲಿದ ಮೇಲೆಯೇ ಮೊಳೆಯುತ್ತದೆ. ತಮ್ಮ ಊರಿನ ಬೆಟ್ಟದಲ್ಲಿ ಕಾಣುವಂಥದ್ದೇ ಆ ತಂಡದ ನಿಯಮದಲ್ಲಿದೆ, ಆಟ ಕಟ್ಟುವವರು ಇದನ್ನು ಗಮನಿಸಬೇಕು. ಆಡುವಾಗ ನೆನಪಿಡಬೇಕಾದದ್ದು: ಬೆಂಕಿ ನೀವು ಗುರುತು ಮಾಡಿದಲ್ಲಿ ನಿಲ್ಲುವುದಿಲ್ಲ, ಒಣ ಹಸಿರಿನ ಮೇಲೆ ಹರಡುತ್ತದೆ. ಉಳಿಸಿಕೊಳ್ಳಬೇಕಾದ ಗಿಡಗಳನ್ನು ಸುಡುವ ಜಾಗಕ್ಕೆ ಅಂಟಿಸಿ ಬೆಳೆಸಬೇಡಿ. ಇನ್ನು ಕೊನೆಯ ಹಂತದಲ್ಲಿ ಯಂತ್ರಗಳನ್ನು ಸಾಗಿಸಲು ಈ ನಕ್ಷೆಯಲ್ಲಿ ನದಿಯೇ ದಾರಿ. ನದಿಯಿಂದ ದೂರದ ಮೂಲೆಯಲ್ಲಿ ಯಂತ್ರ ಇಡುವಾಗಲೇ ಅದನ್ನು ವಾಪಸು ತರುವುದು ಹೇಗೆಂದು ಯೋಚಿಸಿ.

ಪ್ರಶ್ನೆ: ಗಿಡಗಳು ಹವಾಮಾನವನ್ನು ಬದಲಿಸಬೇಕು, ಹವಾಮಾನ ಗಿಡಗಳನ್ನು ಬದಲಿಸಬೇಕು. ಇದಕ್ಕೆ ಸರಳವಾದ ಸೂತ್ರ ಇದೆಯೇ? ನಾನು ಬರೆದದ್ದರಲ್ಲಿ ಉಷ್ಣತೆ ಒಮ್ಮೆ 400 ಡಿಗ್ರಿ, ಒಮ್ಮೆ ಸೊನ್ನೆಗಿಂತ 90 ಕೆಳಗೆ.
– ಉಪನ್ಯಾಸಕಿ, ಶಿವಮೊಗ್ಗ

ಉತ್ತರ: ಇದೆ, ಮೇಡಂ. 1983ರಲ್ಲಿ ಆಂಡ್ರ್ಯೂ ವಾಟ್ಸನ್ ಮತ್ತು ಜೇಮ್ಸ್ ಲವ್‌ಲಾಕ್ ಪ್ರಕಟಿಸಿದ ಡೈಸಿವರ್ಲ್ಡ್ ಮಾದರಿಯನ್ನು ತೆಗೆದುಕೊಳ್ಳಿ. 1990ರಲ್ಲಿ ಮ್ಯಾಕ್ಸಿಸ್ ತಂದ 'ಸಿಮ್‌ಅರ್ತ್' ಆಟದೊಳಗೂ ಇದನ್ನು ಇಟ್ಟಿದ್ದರು. ಗ್ರಹದಲ್ಲಿ ಎರಡೇ ಬಗೆಯ ಹೂ. ಬಿಳಿ ಹೂ ಬಿಸಿಲಿನ 75% ಹಿಂದಕ್ಕೆ ಎಸೆಯುತ್ತದೆ, ಕಪ್ಪು ಹೂ 25%, ಬರಿ ನೆಲ 50%. ಬೆಳವಣಿಗೆಗೆ ಹೇಳಿ ಮಾಡಿಸಿದ ಉಷ್ಣತೆ 22.5 ಡಿಗ್ರಿ, 5ರ ಕೆಳಗೆ, 40ರ ಮೇಲೆ ಬೆಳವಣಿಗೆ ಸೊನ್ನೆ. ನಡುವೆ ಹೀಗೆ:

ಬೆಳವಣಿಗೆ = 1 − 0.003265 × (22.5 − ಉಷ್ಣತೆ)²

ಸಾವಿನ ಪ್ರಮಾಣ 0.3. ಪ್ರತಿ ಸರದಿ ಹೂವಿನ ಹರವಿಗೆ ಕೂಡಬೇಕಾದದ್ದು: ಹರವು × (ಖಾಲಿ ನೆಲದ ಪಾಲು × ಬೆಳವಣಿಗೆ − 0.3).

ಮೂಲದಲ್ಲಿ ಉಷ್ಣತೆಯ ಲೆಕ್ಕ ನಾಲ್ಕನೇ ಘಾತದ್ದು. ಆಟಕ್ಕೆ ಅದು ಬೇಡ. ಮೂಲದ ಅಂಕಿಗಳನ್ನು ಹಾಕಿದರೆ ಬರಿ ನೆಲದ ಗ್ರಹ ಸುಮಾರು 27 ಡಿಗ್ರಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಬಿಸಿಲು 1% ಏರಿದರೆ ಉಷ್ಣತೆ 0.75 ಡಿಗ್ರಿ ಏರುತ್ತದೆ, ಗ್ರಹದ ಸರಾಸರಿ ಪ್ರತಿಫಲನ 50ರಿಂದ 51% ಆದರೆ 1.5 ಡಿಗ್ರಿ ಇಳಿಯುತ್ತದೆ. ಈ ಎರಡು ಗುಣಕ ಸಾಕು. ಜೊತೆಗೆ ಹೂವಿನ ಹತ್ತಿರದ ಉಷ್ಣತೆ ಗ್ರಹದ್ದಕ್ಕಿಂತ ಬೇರೆ: (ಗ್ರಹದ ಸರಾಸರಿ ಪ್ರತಿಫಲನ − ಹೂವಿನ ಪ್ರತಿಫಲನ) × 20 ಎಂದು ಕೂಡಿ, ಇಲ್ಲಿ 75% ಎಂದರೆ 0.75. ಬರಿ ನೆಲದ ಗ್ರಹದಲ್ಲಿ ಕಪ್ಪು ಹೂವಿನ ಬಳಿ 32 ಡಿಗ್ರಿ, ಬೆಳವಣಿಗೆ 0.7, ಬಿಳಿ ಹೂವಿನ ಬಳಿ 22, ಬೆಳವಣಿಗೆ ಹೆಚ್ಚುಕಡಿಮೆ 1. ಇಂಥ ಬಿಸಿಲಿನಲ್ಲಿ ಬಿಳಿಯದೇ ಮೇಲುಗೈ. ತಂಪಿನ ಗ್ರಹದಲ್ಲಿ ಕಪ್ಪಿನದು.

ನಿಮ್ಮ 400 ಡಿಗ್ರಿಗೆ ಎರಡು ಕಾರಣ ಇರಬಹುದು. ಒಂದು, 40ರ ಆಚೆ ಬೆಳವಣಿಗೆ ಋಣವಾಗುತ್ತದೆ. ಅದನ್ನು ಸೊನ್ನೆಗೆ ನಿಲ್ಲಿಸದಿದ್ದರೆ ಹರವು ಕೂಡ ಸೊನ್ನೆಗಿಂತ ಕೆಳಗೆ ಹೋಗಿ ಪ್ರತಿಫಲನದ ಲೆಕ್ಕವನ್ನೇ ಕೆಡಿಸುತ್ತದೆ. ಎರಡು, ಇಡೀ ಸರದಿಯ ಬದಲಾವಣೆಯನ್ನು ಒಂದೇ ಹೆಜ್ಜೆಗೆ ಕೂಡುವುದು. ಒಂದು ಸರದಿಯನ್ನು ಒಳಗೊಳಗೆ ಹತ್ತು ಪುಟ್ಟ ಹೆಜ್ಜೆ ಮಾಡಿ, ಪ್ರತಿ ಹೆಜ್ಜೆಗೂ ಹತ್ತನೇ ಒಂದು ಪಾಲು ಕೂಡಿ, ಉಷ್ಣತೆಯನ್ನು ಮತ್ತೆ ಲೆಕ್ಕಹಾಕಿ. ಹರವು 0.01ಕ್ಕಿಂತ ಕೆಳಗಿಳಿಯದಂತೆಯೂ ನೋಡಿಕೊಳ್ಳಿ, ಇಲ್ಲದಿದ್ದರೆ ಒಮ್ಮೆ ಅಳಿದ ಹೂ ಗುಣಾಕಾರದಿಂದ ಮತ್ತೆ ಹುಟ್ಟುವುದಿಲ್ಲ.

ಸಾಯುವ ಗ್ರಹಕ್ಕೆ ಬಿಸಿಲನ್ನು ಸರದಿಗೆ 0.5% ಏರಿಸಿ. 60 ಸರದಿಗೆ 30%, ಅಂದರೆ 22.5 ಡಿಗ್ರಿ ಹೆಚ್ಚುವರಿ ಸೆಕೆ. ಸಾವು 0.3 ಇರುವುದರಿಂದ ಹೂ ನೆಲದ 70% ಮೀರಿ ಹಬ್ಬದು. ಅಷ್ಟೂ ಬಿಳಿಯಾದರೆ ಸುಮಾರು 26 ಡಿಗ್ರಿ ತಂಪು. ಹೊತ್ತಿಗೆ ಸರಿಯಾಗಿ ಬೆಳೆಸಿದರೆ ಬದುಕಬಹುದು, ತಡವಾದರೆ ಇಲ್ಲ. ಮಿತಿ ದಾಟಿದ ಮೇಲೆ ಆಗುವುದನ್ನು ಆಟಗಾರರಿಗೆ ತೋರಿಸಲೇಬೇಕು. ಬಿಳಿ ಹೂ ಸ್ವಲ್ಪ ಕಡಿಮೆಯಾದರೆ ನೆಲ ಕಪ್ಪಾಗಿ ಸೆಕೆ ಏರುತ್ತದೆ, ಅದರಿಂದ ಇನ್ನಷ್ಟು ಹೂ ಸಾಯುತ್ತವೆ. ನಾಲ್ಕೈದು ಸರದಿಯಲ್ಲಿ ತೋಟವೇ ಇಲ್ಲ. ಆಮೇಲೆ ಬಿಸಿಲನ್ನು 2% ಇಳಿಸಿದರೂ ಅದು ವಾಪಸು ಬಾರದು, ಏಕೆಂದರೆ ಬರಿ ನೆಲದ ಗ್ರಹ ಆ ಬಿಸಿಲಿನಲ್ಲಿ ಹೂವಿಗೆ ಅಸಾಧ್ಯವಾದಷ್ಟು ಬಿಸಿಯಾಗಿರುತ್ತದೆ. ಇದಕ್ಕೆ ಮುನ್ಸೂಚನೆಯಾಗಿ "ಬೆಳವಣಿಗೆ ಕಳೆಯಿರಿ ಸಾವು" ಎಂಬ ಒಂದೇ ಅಂಕಿಯನ್ನು ಪರದೆಯ ಮೂಲೆಯಲ್ಲಿಡಿ. ಅದು ಸೊನ್ನೆಗೆ ಹತ್ತಿರವಾಗುತ್ತಿರುವುದು ಕಂಡರೆ ಸೋಲು ಆಕಸ್ಮಿಕ ಅನ್ನಿಸುವುದಿಲ್ಲ.

ಪ್ರಶ್ನೆ: ಪಾಚಿ ನಾಲ್ಕೂ ದಿಕ್ಕಿಗೆ ಸಮನಾಗಿ ಹರಡಬೇಕು ಎಂದು ಬರೆದಿದ್ದೇನೆ. ಅದು ಮಾತ್ರ ಬಲಕ್ಕೂ ಕೆಳಕ್ಕೂ ಓಡುತ್ತದೆ, ಎಡಕ್ಕೆ ಕುಂಟುತ್ತದೆ. ನೀರೂ ನಿಧಾನವಾಗಿ ಮಾಯವಾಗುತ್ತಿದೆ.
– ಪಿಯುಸಿ ವಿದ್ಯಾರ್ಥಿ, ಉಡುಪಿ

ಉತ್ತರ: ನೀವು ಓದುವುದೂ ಬರೆಯುವುದೂ ಒಂದೇ ಪಟ್ಟಿಯಲ್ಲಿ. ಲೂಪ್ ಎಡ ಮೇಲಿನ ಮೂಲೆಯಿಂದ ಹೊರಡುತ್ತದೆ. ಮೂರನೇ ಮನೆಯ ಪಾಚಿ ನಾಲ್ಕನೆಯದಕ್ಕೆ ಹಬ್ಬಿತು ಎನ್ನಿ. ಲೂಪ್ ನಾಲ್ಕಕ್ಕೆ ಬಂದಾಗ ಅಲ್ಲಿ ಆಗಲೇ ಪಾಚಿ ಇದೆ, ಅದೇ ಸರದಿಯಲ್ಲಿ ಐದಕ್ಕೆ ಹಬ್ಬುತ್ತದೆ. ಎಡಕ್ಕೆ ಹಬ್ಬಿದ್ದು ಮಾತ್ರ ಮುಂದಿನ ಸರದಿಯ ತನಕ ಕಾಯಬೇಕು. ಇಂದಿನದು, ನಾಳೆಯದು ಎಂದು ಎರಡು ಪಟ್ಟಿ ಇಡಿ. ಇಂದಿನದನ್ನು ಓದಿ, ನಾಳೆಯದರಲ್ಲಿ ಬರೆದು, ಲೂಪ್ ಪೂರ್ತಿ ಮುಗಿದ ಮೇಲೆ ಅದಲುಬದಲು ಮಾಡಿ. ಗೊಡೋದಲ್ಲಿ ಪಟ್ಟಿಯನ್ನು ಸಮ ಚಿಹ್ನೆಯಿಂದ ಇನ್ನೊಂದು ಹೆಸರಿಗೆ ಕೊಟ್ಟರೆ ನಕಲಾಗುವುದಿಲ್ಲ, ಎರಡು ಹೆಸರೂ ಒಂದೇ ಪಟ್ಟಿಯನ್ನು ತೋರಿಸುತ್ತವೆ. ಡೂಪ್ಲಿಕೇಟ್ ಬಳಸಬೇಕು. ಪಟ್ಟಿಯೊಳಗೆ ಪಟ್ಟಿ ಇದ್ದರೆ ಆವರಣದಲ್ಲಿ ಟ್ರೂ ಎಂದೂ ಕೊಡಬೇಕು, ಇಲ್ಲವಾದರೆ ಒಳಗಿನ ಸಾಲುಗಳು ನಕಲಾಗದೆ ಉಳಿದು ಅದೇ ತೊಂದರೆ ಮರಳುತ್ತದೆ. ಇಡೀ ನಕ್ಷೆಯನ್ನು ಒಂದೇ ಉದ್ದನೆಯ ಪಟ್ಟಿಯಾಗಿಟ್ಟು, ಸಾಲು × ಅಗಲ + ಕಂಬಸಾಲು ಎಂದು ಮನೆಯ ಸಂಖ್ಯೆ ತೆಗೆಯುವುದು ಎಲ್ಲಕ್ಕಿಂತ ನಿರಾಳ.

ನೀರು ಮಾಯವಾಗುವುದು ಭಾಗಾಕಾರದ ಶೇಷದಿಂದ. ಪೂರ್ಣಾಂಕದಲ್ಲಿ 7ನ್ನು 4 ಪಾಲು ಮಾಡಿದರೆ ಒಂದೊಂದಕ್ಕೆ 1, ಉಳಿದ 3 ಎಲ್ಲೂ ಇಲ್ಲ. ಒಂದು ಪಾಲು ನೀರನ್ನು ಒಳಗೆ 100 ಎಂದು ಇಟ್ಟುಕೊಳ್ಳಿ, ಪಕ್ಕದ ಮನೆಗೆ ಕೊಟ್ಟದ್ದನ್ನು ಎಷ್ಟು ಕೊಟ್ಟಿರೋ ಅಷ್ಟನ್ನೇ ಇಲ್ಲಿಂದ ಕಳೆಯಿರಿ, ಶೇಷ ಕೊಟ್ಟವರ ಬಳಿಯೇ ಉಳಿಯಲಿ. ಪ್ರತಿ ಸರದಿಯ ಕೊನೆಗೆ ಒಟ್ಟು ನೀರು ಕೂಡಿ ಹಿಂದಿನದಕ್ಕೆ ತಾಳೆ ನೋಡುವ ಒಂದು ಸಾಲು ಬರೆದಿಡಿ. ಇನ್ನೊಂದು ಮಾತು: ಪಕ್ಕದ ಮನೆಗೆ ಹರಿಯುವುದು ವ್ಯತ್ಯಾಸದ ಎಂಟನೇ ಒಂದು ಪಾಲಿರಲಿ. ನಾಲ್ಕನೇ ಒಂದನ್ನು ದಾಟಿದರೆ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತ ಬರಿದಾಗುತ್ತ ಇಡೀ ನಕ್ಷೆ ಮಿನುಗತೊಡಗುತ್ತದೆ.

ಪ್ರಶ್ನೆ: ನೀರಾವರಿ ಕೊಟ್ಟಷ್ಟೂ ಲಾಭ ಎಂಬಂತಾಗಿದೆ ನನ್ನ ಆಟ. ಅತಿ ನೀರಿಗೆ ಏನಾದರೂ ಬೆಲೆ ಇರಬೇಡವೇ?
– ಕೃಷಿ ಪದವೀಧರ, ಸಿಂಧನೂರು

ಉತ್ತರ: ಸವಳು-ಜವಳಿನ ಬಗ್ಗೆ ತುಂಗಭದ್ರಾ ಅಚ್ಚುಕಟ್ಟಿನವರಿಗೆ ನಾವು ಹೇಳಬೇಕಾದ್ದೇನೂ ಇಲ್ಲ, ಅದನ್ನೇ ನಿಯಮ ಮಾಡಿ. ಲೀಟರಿಗೆ 500 ಮಿಲಿಗ್ರಾಂ ಲವಣವಿರುವ ನೀರನ್ನು ಒಂದು ಲಕ್ಷ ಲೀಟರ್ ಹಾಯಿಸಿದರೆ 50 ಕಿಲೋ ಉಪ್ಪು ಹೊಲಕ್ಕೆ ಬಂದಂತೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಆಟದಲ್ಲಿ: 10 ಪಾಲು ನೀರಿಗೆ 1 ಉಪ್ಪು. ಪಾಚಿಯ ತಾಳಿಕೆ 3, ಗರಿಕೆಯದು 6, ಉಪ್ಪು ಸಹಿಸುವ ಕುರುಚಲಿನದು 12. ಮನೆ ಹಿಡಿಯಬಲ್ಲ ನೀರು 12 ಪಾಲು. ಅದರ ಮೇಲೆ ಸುರಿದದ್ದು ತಗ್ಗಿನ ಪಕ್ಕದ ಮನೆಗೆ ಬಸಿಯುತ್ತದೆ, ತನ್ನ ಪಾಲಿನ ಉಪ್ಪನ್ನೂ ಒಯ್ಯುತ್ತದೆ. ಅಂದರೆ ಉಪ್ಪು ತೊಳೆಯಲು ಹೆಚ್ಚು ನೀರು ಬೇಕು, ಜೊತೆಗೆ ಆ ನೀರು ಹೋಗಲು ಬಸಿಗಾಲುವೆ ಬೇಕು. ಬಸಿಗಾಲುವೆ ಇಲ್ಲದ ಕಡೆ ತಗ್ಗಿನ ಮನೆಗಳೆಲ್ಲ ಉಪ್ಪಿನ ಹಾಳೆಯಾಗುತ್ತವೆ.

ಇಡೀ ಆಟಕ್ಕೆ ಒಂದು ನಿಜವಾದ ನೆಲ ಬೇಕೆಂದರೆ ಮಧ್ಯ ಏಷ್ಯಾದ ಅರಲ್ ಸಮುದ್ರವನ್ನು ನೋಡಿ. ಒಂದು ಕಾಲಕ್ಕೆ ಪ್ರಪಂಚದ ನಾಲ್ಕನೇ ದೊಡ್ಡ ಸರೋವರ. ಅಮು ದರಿಯಾ, ಸಿರ್ ದರಿಯಾ ನದಿಗಳ ನೀರನ್ನು ಹತ್ತಿಯ ಹೊಲಗಳಿಗೆ ತಿರುಗಿಸಿದ್ದರಿಂದ 1960ರ ದಶಕದಿಂದ ಬತ್ತುತ್ತ ಬಂತು. ಬತ್ತಿದ ತಳದಿಂದ ಉಪ್ಪುದೂಳು ಎದ್ದು ಊರುಗಳ ಮೇಲೆ ಬೀಳುತ್ತದೆ. ಉಜ್ಬೇಕಿಸ್ತಾನದಲ್ಲಿ ಆ ತಳದ ಮೇಲೆ ಸಾಕ್ಸೌಲ್ ಎಂಬ ಕುರುಚಲು ಮರವನ್ನು ದೊಡ್ಡ ಪ್ರಮಾಣದಲ್ಲಿ ನೆಡುತ್ತಿದ್ದಾರೆ. ಅದರ ಮುಖ್ಯ ಕೆಲಸ ಗಾಳಿ ತಡೆದು ಮರಳು ಹಿಡಿಯುವುದು. ಆಟದಲ್ಲೂ ಅದಕ್ಕೆ ಉಪ್ಪು ತೆಗೆಯುವ ಶಕ್ತಿ ಕೊಡಬೇಡಿ. ಪಕ್ಕದ ಎರಡು ಮನೆಗೆ ದೂಳು ಹಾರದಂತೆ ತಡೆಯಲಿ, ಸಾಕು.

ಪ್ರಶ್ನೆ: ಯಾವ ಗಿಡದ ನಂತರ ಯಾವುದು ಬರಬೇಕು? ಎಲ್ಲವನ್ನೂ ಮೊದಲೇ ಕೊಟ್ಟರೆ ಆಟಗಾರರು ನೇರವಾಗಿ ಮರಕ್ಕೆ ಹೋಗುತ್ತಾರೆ.
– ಓದುಗರು, ಬೆಂಗಳೂರು

ಉತ್ತರ: ಬೀಗ ಹಾಕಿ ಹಂತಹಂತವಾಗಿ ತೆರೆಯುವ ಪದ್ಧತಿ ನಮಗೆ ಇಷ್ಟವಿಲ್ಲ. ಮೊದಲ ಸರದಿಯಲ್ಲೇ ಮರ ಕೊಡಿ. ಮಣ್ಣಿನ ಆಳ 0 ಇರುವ ಬಂಡೆಯಲ್ಲಿ ನೆಟ್ಟರೆ ಅದು ಸಾಯುತ್ತದೆ, ಆಟಗಾರ ತಾನೇ ಕಲಿಯುತ್ತಾನೆ. ಪ್ರತಿ ಮನೆಗೂ ಮೂರು ಅಂಕಿ: ಮಣ್ಣಿನ ಆಳ, ಸಾರಜನಕ, ನೀರು. ಕಲ್ಲುಹೂವಿಗೆ ಆಳ 0 ಸಾಕು, ಐದು ಸರದಿಗೆ 1 ಆಳ ಕೂಡಿಸುತ್ತದೆ. ಪಾಚಿಗೆ 1. ಹುಲ್ಲಿಗೆ ಆಳ 2, ಸಾರಜನಕ 1. ಹೊಂಗೆಯಂಥ ದ್ವಿದಳ ಜಾತಿಯ ಮರಕ್ಕೆ ಆಳ 4 ಬೇಕು, ಸಾರಜನಕ ತಾನೇ ಕೂಡಿಸುತ್ತದೆ. ಉಳಿದ ಮರಗಳಿಗೆ ಆಳ 5, ಸಾರಜನಕ 3.

ಆದರೆ ಗಿಡಗಳಷ್ಟೇ ಸಾಲವು. ಐಸ್‌ಲ್ಯಾಂಡಿನ ದಕ್ಷಿಣಕ್ಕೆ 1963ರ ನವೆಂಬರಿನಲ್ಲಿ ಸಮುದ್ರದಿಂದೆದ್ದ ಜ್ವಾಲಾಮುಖಿ ದ್ವೀಪ ಸುರ್ಟ್ಸೆ ಇದಕ್ಕೆ ಸಾಕ್ಷಿ. 1965ರಲ್ಲೇ ಅಲ್ಲಿ ಮೊದಲ ಹೂಗಿಡ ಕಂಡಿತು, ಆದರೂ ಬಹುಕಾಲ ಬೆಳವಣಿಗೆ ಆಮೆವೇಗದಲ್ಲೇ ಇತ್ತು. 1986ರ ಹೊತ್ತಿಗೆ ಕಡಲಹಕ್ಕಿಗಳು ನೆಲೆಯೂರಿ ಗೂಡು ಕಟ್ಟಿದವು. ಅವುಗಳ ಹಿಕ್ಕೆಯಿಂದ ಸಾರಜನಕ ಬಂತು, ಗೂಡುಗಳ ಸುತ್ತ ಹುಲ್ಲು ದಟ್ಟವಾಯಿತು. ನಿಮ್ಮ ಆಟದಲ್ಲೂ ಹಕ್ಕಿಯನ್ನು ಕೊಳ್ಳುವಂತಿರಬಾರದು. ನೀರಂಚಿನ ನಾಲ್ಕು ಮನೆ ಸತತ ಹಸಿರಾಗಿದ್ದರೆ ತಾನೇ ಬಂದು ಕೂರಲಿ, ಸುತ್ತ ಎರಡು ಮನೆಯ ತನಕ ಸರದಿಗೆ 1 ಸಾರಜನಕ ಕೊಡಲಿ, ಹಸಿರು ಹೋದರೆ ಹಾರಿಹೋಗಲಿ.

ಗಟ್ಟಿ ನೆಲಕ್ಕೆ ಇನ್ನೊಂದು ಉಪಾಯ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ರೈತರ ಜೈ ಗುಂಡಿ. ಬೇಸಿಗೆಯಲ್ಲೇ 20ರಿಂದ 40 ಸೆಂಟಿಮೀಟರ್ ಅಗಲ, 10ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಹಿಡಿ ಗೊಬ್ಬರ ಹಾಕುತ್ತಾರೆ. ಗೊಬ್ಬರಕ್ಕೆ ಬಂದ ಗೆದ್ದಲು ಕೊರೆದ ದಾರಿಯಲ್ಲಿ ಮಳೆನೀರು ಇಂಗುತ್ತದೆ. ಮಳೆಗೆ ಮೂರು ಸರದಿ ಮೊದಲು ತೋಡಿದ್ದರೆ ಮಾತ್ರ ಫಲ ಎಂದು ನಿಯಮ ಮಾಡಿ. ಮುಂದಾಲೋಚನೆಗೆ ಬೆಲೆ ಬರುತ್ತದೆ.

ಪ್ರಶ್ನೆ: ಕೋಡ್ ಬರುವುದಿಲ್ಲ. ಮಕ್ಕಳೊಂದಿಗೆ ಮನೆಯಲ್ಲೇ ಇಂಥ ಆಟ ಮಾಡಿ ಆಡಬಹುದೇ?
– ಗೃಹಿಣಿ, ಶಿರಸಿ

ಉತ್ತರ: ಖಂಡಿತ. ಕೋಡ್ ಬರುವವರೂ ಮೊದಲು ಹೀಗೇ ಮಾಡಬೇಕು. ಚಾರ್ಟ್ ಶೀಟಿನ ಮೇಲೆ 8×6 ಮನೆ ಬರೆಯಿರಿ. ಚೌಕಾಬಾರಕ್ಕೆ ಎತ್ತಿಟ್ಟ ಹುಣಸೆಬೀಜ ಬೀಜಕ್ಕೆ, ಕಡಲೆಕಾಳು ನೀರಿಗೆ, ಹಸಿರು ಗುಂಡಿ ಹುಲ್ಲಿಗೆ, ಬೆಂಕಿಕಡ್ಡಿಯ ತುಂಡು ಮರಕ್ಕೆ. ಬಟ್ಟಲಲ್ಲಿ 120 ಕಡಲೆ. ಸರದಿಗೆ ಒಂದು ದಾಳ ಹಾಕಿ, ಬಿದ್ದಷ್ಟು ಕಡಲೆ ಜೊತೆಗೆ ನಾಲ್ಕು ಕಡಲೆ ಮೇಜಿಗೆ ಬರಲಿ; ಗಿಡಗಳು ಕುಡಿದದ್ದು ಬಟ್ಟಲಿಗೆ ಮರಳದೆ ಪಕ್ಕದ ಡಬ್ಬಿಗೆ. ಬಟ್ಟಲು ಬರಿದಾಗುವಷ್ಟರಲ್ಲಿ 20 ಮನೆ ಹಸಿರಿದ್ದರೆ ಎಲ್ಲರೂ ಗೆದ್ದಂತೆ. ದೊಡ್ಡ ಮರವೊಂದು ಇದ್ದರೆ ಸರದಿಗೆ ಒಂದು ಕಡಲೆ ಡಬ್ಬಿಯಿಂದ ಬಟ್ಟಲಿಗೆ ಹಿಂದಿರುಗುತ್ತದೆ. ಮೂರು ಸಲ ಆಡಿದಾಗ ಮೂರೂ ಸಲ ಗೆದ್ದರೆ 120ನ್ನು 100 ಮಾಡಿ. ಮೂರೂ ಸೋತರೆ 140. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಎರಡನ್ನು ಬದಲಿಸಿದರೆ ಯಾವುದರಿಂದ ಏನಾಯಿತು ತಿಳಿಯದು.

ಪ್ರಶ್ನೆ: 64×64 ಮನೆಯ ನಕ್ಷೆ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ತೆವಳುತ್ತದೆ, ಫೋನ್ ಬಿಸಿಯಾಗುತ್ತದೆ.
– ಓದುಗರು, ಕಲಬುರಗಿ

ಉತ್ತರ: 4096 ಮನೆಯ ಲೆಕ್ಕ ಯಾವ ಫೋನಿಗೂ ಭಾರವಲ್ಲ. ಮನೆಗೊಂದು ಸ್ಪ್ರೈಟ್ ನೋಡ್ (ಬಿಡಿ ಚಿತ್ರ) ಇಟ್ಟಿದ್ದರೆ ಅದೇ ಭಾರ. ಇಡೀ ನಕ್ಷೆಯನ್ನು ಒಟ್ಟಿಗೆ ಚಿತ್ರಿಸುವ ಟೈಲ್‌ಮ್ಯಾಪ್‌ಲೇಯರ್ ಬಳಸಿ, ಬದಲಾದ ಮನೆಯನ್ನು ಮಾತ್ರ ಮತ್ತೆ ಬರೆಯಿರಿ. ಸರದಿಯ ಲೆಕ್ಕವನ್ನು ಪ್ರತಿ ಫ್ರೇಮಿನಲ್ಲಿ ನಡೆಸದೆ ಗುಂಡಿ ಒತ್ತಿದಾಗ ಮಾತ್ರ ನಡೆಸಿ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಲೋ ಪ್ರೊಸೆಸರ್ ಮೋಡ್ ಆನ್ ಮಾಡಿದರೆ ಪರದೆ ಬದಲಾದಾಗಷ್ಟೇ ಚಿತ್ರಿಸುತ್ತದೆ, ಬಿಸಿ ಇಳಿಯುತ್ತದೆ. ರೆಂಡರರ್ ಕಂಪ್ಯಾಟಿಬಿಲಿಟಿ ಇರಲಿ.

ಪ್ರಶ್ನೆ: ಗ್ರಹವನ್ನು ಮಂಗಳ ಎಂದಿಟ್ಟರೆ ಚೆನ್ನಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ಚೆನ್ನ, ಆದರೆ ಬೇರೆ ಆಟ. ಅಲ್ಲಿನ ಗಾಳಿಯ ಒತ್ತಡ ಸುಮಾರು 6 ಮಿಲಿಬಾರ್, ಭೂಮಿಯದರ ನೂರನೇ ಒಂದು ಪಾಲೂ ಇಲ್ಲ. ಅದರಲ್ಲೂ 95% ಇಂಗಾಲದ ಡೈಆಕ್ಸೈಡ್. ಬಯಲಲ್ಲಿ ನೀರು ನಿಲ್ಲದು. ಬಿಸಿಲು ಭೂಮಿಯ 43%. 2008ರಲ್ಲಿ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಲವಣ ಕಂಡಿತು, ತೂಕದ ಅರ್ಧ ಶೇಕಡದಷ್ಟು. ತೊಳೆಯದೆ ಬೆಳೆದರೆ ತಿನ್ನುವವರಿಗೆ ವಿಷ. ತೋಟವೆಲ್ಲ ಗಾಜಿನೊಳಗೇ ಇರಬೇಕಾದ್ದರಿಂದ ನೆಲದಿಂದ ನೆಲಕ್ಕೆ ಹಬ್ಬುವ ಸೊಗಸು ಹೋಗುತ್ತದೆ. ಒಂದು ಕಾಲಕ್ಕೆ ಹಸಿರಾಗಿದ್ದು ಈಗ ಒಣಗುತ್ತಿರುವ ಕಲ್ಪನೆಯ ಗ್ರಹವೇ ಈ ಬಗೆಯ ಆಟಕ್ಕೆ ಮೇಲು.

ಪ್ರಶ್ನೆ: ಆಟದ ಪಠ್ಯವೆಲ್ಲ ಕನ್ನಡದಲ್ಲಿರಬೇಕೆಂಬ ಆಸೆ. ಒತ್ತಕ್ಷರಗಳು ಒಡೆದು ಕಾಣುತ್ತವೆ. ಅಕ್ಷರ ಒಂದೊಂದಾಗಿ ಮೂಡುವಂತೆ ಮಾಡಿದರೆ ಇನ್ನೂ ಕೆಡುತ್ತದೆ.
– ಸಾಫ್ಟ್‌ವೇರ್ ಉದ್ಯೋಗಿ, ಸಿಂಗಪುರ

ಉತ್ತರ: ನೀವು ಗೊಡೋ 3ರಲ್ಲಿದ್ದರೆ 4ಕ್ಕೆ ಬನ್ನಿ. ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಬಂದದ್ದು 4ರಲ್ಲಿ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ ಹಾಕಿ. ಪರವಾನಗಿ ಮುಕ್ತವಾಗಿರುವುದರಿಂದ ಆಟದ ಜೊತೆ ಸೇರಿಸಿ ಹಂಚಬಹುದು. ಬಿಟ್‌ಮ್ಯಾಪ್ ಫಾಂಟ್ ಬೇಡ, ಅದರಲ್ಲಿ ಒತ್ತು ಕೂರುವುದಿಲ್ಲ.

ಒಂದೊಂದಾಗಿ ಮೂಡಿಸುವಾಗ ಕೆಡಲು ಕಾರಣ: 'ಕ್ಷ' ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರಿಗೆ ಕ, ಹಲಂತ ಚಿಹ್ನೆ, ಷ ಎಂಬ ಮೂರು ಸಂಕೇತ. ಪಠ್ಯವನ್ನು ಸಂಕೇತ ಎಣಿಸಿ ಕತ್ತರಿಸಿದರೆ ಮೊದಲು 'ಕ', ಆಮೇಲೆ 'ಕ್', ಕೊನೆಗೆ 'ಕ್ಷ' ಎಂದು ಕುಣಿಯುತ್ತದೆ. ಪಠ್ಯವನ್ನು ನೀವೇ ಕತ್ತರಿಸಬೇಡಿ. ಪೂರ್ತಿ ವಾಕ್ಯವನ್ನು ಲೇಬಲ್‌ಗೆ ಕೊಟ್ಟು, ಕಾಣುವ ಅಕ್ಷರಗಳ ವರ್ತನೆ ಎಂಬ ಆಯ್ಕೆಯಲ್ಲಿ ಗ್ಲಿಫ್ (ಪರದೆಯಲ್ಲಿ ಕಾಣುವ ಅಕ್ಷರರೂಪ) ಲೆಕ್ಕವನ್ನು ಆರಿಸಿ. ಇಷ್ಟಾದರೂ ಒತ್ತು ತಡವಾಗಿ ಬಂದಂತೆ ಕಂಡರೆ ಅಕ್ಷರದ ಬದಲು ಪದಪದವಾಗಿ ಮೂಡಿಸಿ. ಗುಂಡಿಗಳ ಅಗಲವನ್ನು ಇಂಗ್ಲಿಷ್ ಪದಕ್ಕೆ ಅಳೆದಿದ್ದರೆ ಒಂದೂವರೆ ಪಟ್ಟು ಮಾಡಿ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿ. "ಸ್ತ್ರೀ", "ರಾಷ್ಟ್ರ", "ಉಷ್ಣತೆ" ಮೂರನ್ನೂ ಒಂದೇ ಗುಂಡಿಯ ಮೇಲೆ ಬರೆದು ಫೋನಿನಲ್ಲಿ ನೋಡಿ. ಮೂರೂ ಮೇಲೆ ಕೆಳಗೆ ಕತ್ತರಿಸದೆ ಕಂಡರೆ ಉಳಿದ ಪಠ್ಯಕ್ಕೂ ತೊಂದರೆಯಾಗದು.